ಹೊರಗಿನ ಕಂಪ್ರೆಸರ್ ಸುತ್ತಿ ಬಂದ ತಬಲಾ ಟ್ರ್ಯಾಕ್ ಹಿಂದೆ ಬೀಳುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯ ಒಂದು ಕೋಣೆಯಲ್ಲೇ ಭಾವಗೀತೆ, ವಚನಗಳ ರೆಕಾರ್ಡಿಂಗ್ ಮಾಡುತ್ತೇನೆ. ವಿಂಡೋಸ್ ಕಂಪ್ಯೂಟರ್, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, ಎಂಟು ಇನ್‌ಪುಟ್ ಎಂಟು ಔಟ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಸಲ) 48 ಕಿಲೋಹರ್ಟ್ಸ್, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಾಗಿಸುವ ಕಂತು) 256 ಸ್ಯಾಂಪಲ್. ಈಚೆಗೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಅನಲಾಗ್ ಕಂಪ್ರೆಸರ್ (ಜೋರಿನ ಧ್ವನಿಯನ್ನು ತಗ್ಗಿಸಿ ಸಮಮಾಡುವ ಯಂತ್ರ) ಕೊಂಡೆ. ಈಗಾಗಲೇ ರೆಕಾರ್ಡ್ ಆಗಿರುವ ತಬಲಾವನ್ನು ಔಟ್‌ಪುಟ್ 3ರಿಂದ ಕಂಪ್ರೆಸರ್‌ಗೆ ಕಳಿಸಿ, ಇನ್‌ಪುಟ್ 3ರ ಮೂಲಕ ಹೊಸ ಟ್ರ್ಯಾಕಿಗೆ ತಂದು, ಮೂಲದ ಜೊತೆ ಬೆರೆಸುತ್ತೇನೆ. ಬೇರೆ ಬೇರೆ ಕೇಳಿದರೆ ಎರಡೂ ಚೆನ್ನಾಗಿವೆ. ಕೂಡಿಸಿದರೆ ದಾಯಾಂ (ಬಲಗೈಯ ತಬಲಾ) ಗುಂಗು ಹೋಗಿ ತಗಡು ಬಡಿದ ಹಾಗಾಗುತ್ತದೆ. ಡಗ್ಗಾ (ಎಡಗೈಯದು) ಅಷ್ಟು ಕೆಡುವುದಿಲ್ಲ. ಝೂಮ್ ಮಾಡಿ ನೋಡಿದರೆ ಹೊಸ ಟ್ರ್ಯಾಕ್ ಪ್ರತಿಸಲ 78 ಸ್ಯಾಂಪಲ್ ಹಿಂದಿದೆ. ಗಾಯಕಿಗೆ ಇದೇ ಕಂಪ್ರೆಸರ್ ಮೂಲಕ ಹೆಡ್‌ಫೋನ್ ಕೊಟ್ಟರೆ ತಮ್ಮ ದನಿ ತಡವಾಗಿ ಬರುತ್ತಿದೆ ಅನ್ನುತ್ತಾರೆ. ಒಂದು ಹಾಡಿನಲ್ಲಂತೂ ತಡ ಮೊದಲಿಗೆ ಇಲ್ಲ, ಐದನೇ ನಿಮಿಷಕ್ಕೆ 9 ಮಿಲಿಸೆಕೆಂಡ್ ಆಗಿದೆ. ಆ ಹಾಡಿನ ತಬಲಾ ಮಾತ್ರ ಕೈ ರೆಕಾರ್ಡರ್‌ನಲ್ಲಿ ಹಿಡಿದದ್ದು. ಕಂಪ್ರೆಸರ್ ನಿಧಾನವೇ? ಒಬ್ಬರು 96 ಕಿಲೋಹರ್ಟ್ಸ್‌ಗೆ ಹೋಗಿ ಎಂದರು, ಇನ್ನೊಬ್ಬರು ವರ್ಡ್ ಕ್ಲಾಕ್ ಇರುವ ಇಂಟರ್‌ಫೇಸ್ ಕೊಳ್ಳಿ ಎಂದರು. ಮುಂದೆ ಒಂದು ಡಿಜಿಟಲ್ ರಿವರ್ಬ್ ಕೂಡ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಕೇಬಲ್‌ನಲ್ಲಿ ಜೋಡಿಸುವ ಯೋಚನೆ ಇದೆ.

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ತಬಲಾ ಪ್ರತಿಸಲ ಅಷ್ಟೇ ಸ್ಯಾಂಪಲ್ ಹಿಂದೆ ಬೀಳುವುದು ಒಂದು. ಗಾಯಕಿಯ ಕಿವಿಗೆ ದನಿ ತಡವಾಗಿ ತಲುಪುವುದು ಇನ್ನೊಂದು. ಹಾಡು ಮುಂದೆ ಹೋದಂತೆ ಅಂತರ ಬೆಳೆಯುವುದು ಮೂರನೆಯದು. ಮೂರರ ಕಾರಣವೂ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನಿಮಗೆ ಸಿಕ್ಕ ಸಲಹೆಗಳು ಎಡವಿರುವುದೂ ಇಲ್ಲೇ.

ಮೊದಲು ಕಂಪ್ರೆಸರ್ ಮೇಲಿನ ಅನುಮಾನ ಬಿಡಿ. ಅನಲಾಗ್ ಸರ್ಕ್ಯೂಟ್ ಸಂಕೇತವನ್ನು ಎಲ್ಲೂ ಕೂಡಿಟ್ಟು ಕಳಿಸುವುದಿಲ್ಲ. ಒಳಗೆ ಹೋದದ್ದು ಆಗಲೇ ಹೊರಗೆ ಬರುತ್ತದೆ. ಅಟ್ಯಾಕ್ ಗುಂಡಿಯ ಮೇಲೆ 30 ಮಿಲಿಸೆಕೆಂಡ್ ಎಂದು ಬರೆದಿದ್ದರೆ ಅದು ಧ್ವನಿಯನ್ನು ತಡೆದು ನಿಲ್ಲಿಸುವ ಕಾಲವಲ್ಲ, ಗೇನ್ ಎಷ್ಟು ಬೇಗ ಇಳಿಯಬೇಕು ಎಂಬುದರ ಅಳತೆ. ಕೇಬಲ್ ಉದ್ದ ಎಂದು ಯಾರಾದರೂ ಹೇಳಿದರೆ ಅದನ್ನೂ ಬಿಡಿ: ಹತ್ತು ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಸುಮಾರು 50 ನ್ಯಾನೋಸೆಕೆಂಡ್ ಸಾಕು, 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ 20.8 ಮೈಕ್ರೋಸೆಕೆಂಡ್. ಹೊರಗಿನ ಯಂತ್ರ ಡಿಜಿಟಲ್ ಆಗಿದ್ದರೆ ಮಾತು ಬೇರೆ. ಅದರೊಳಗೆ ಇನ್ನೊಂದು ಜೋಡಿ ಕನ್ವರ್ಟರ್ ಇರುತ್ತದೆ, ಒಂದೆರಡು ಮಿಲಿಸೆಕೆಂಡ್ ಅಲ್ಲೇ ಸೇರುತ್ತದೆ. ಲುಕ್‌ಅಹೆಡ್ (ಬರಲಿರುವ ಧ್ವನಿಯನ್ನು ಮೊದಲೇ ನೋಡುವ ಸೌಲಭ್ಯ) ಇದ್ದರೆ ಇನ್ನಷ್ಟು.

ತಡ ಹುಟ್ಟುವುದು ಕಂಪ್ಯೂಟರ್ ಮತ್ತು ಇಂಟರ್‌ಫೇಸ್ ನಡುವಿನ ಓಡಾಟದಲ್ಲಿ. ರೀಪರ್‌ನಿಂದ ಹೊರಟ ತಬಲಾ ಮೊದಲು ಔಟ್‌ಪುಟ್ ಬಫರ್‌ನಲ್ಲಿ ಕಾಯುತ್ತದೆ. ಆಮೇಲೆ ಯುಎಸ್‌ಬಿ ಡ್ರೈವರ್ ಮುನ್ನೆಚ್ಚರಿಕೆಗೆಂದು ಇಟ್ಟುಕೊಂಡ ಸಣ್ಣ ಬಫರ್, ಆಮೇಲೆ ಡಿಜಿಟಲ್‌ನಿಂದ ಅನಲಾಗ್ ಮಾಡುವ ಕನ್ವರ್ಟರ್‌ನ ಫಿಲ್ಟರ್. ಕಂಪ್ರೆಸರ್ ದಾಟಿದ ಮೇಲೆ ಅನಲಾಗ್‌ನಿಂದ ಡಿಜಿಟಲ್ ಮಾಡುವ ಕನ್ವರ್ಟರ್, ಮತ್ತೆ ಯುಎಸ್‌ಬಿ, ಮತ್ತೆ ಇನ್‌ಪುಟ್ ಬಫರ್. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ ಅಂದರೆ 5.3 ಮಿಲಿಸೆಕೆಂಡ್, ಹೋಗುವಾಗ ಒಂದು, ಬರುವಾಗ ಒಂದು, ಅಲ್ಲಿಗೇ 10.7. ಉಳಿದವೆಲ್ಲ ಸೇರಿ 13–14 ಮಿಲಿಸೆಕೆಂಡ್ ಆದರೆ ಆಶ್ಚರ್ಯವಿಲ್ಲ, ಅಂದರೆ 600ಕ್ಕೂ ಹೆಚ್ಚು ಸ್ಯಾಂಪಲ್.

ಹಾಗಿದ್ದರೆ ನಿಮ್ಮಲ್ಲಿ 600 ಅಲ್ಲದೆ ಬರೀ 78 ಏಕೆ? ರೀಪರ್ ಸುಮ್ಮನೆ ಕೂತಿಲ್ಲ. ಡ್ರೈವರ್ ‘ನನ್ನಿಂದ ಇಷ್ಟು ತಡವಾಗುತ್ತದೆ’ ಎಂದು ಒಂದು ಲೆಕ್ಕ ಒಪ್ಪಿಸುತ್ತದೆ. ರೀಪರ್ ಆ ಲೆಕ್ಕದಷ್ಟು ಹೊಸ ರೆಕಾರ್ಡಿಂಗನ್ನು ಎಡಕ್ಕೆ, ಅಂದರೆ ಇನ್ನೂ ಮೊದಲಿನ ಕ್ಷಣಕ್ಕೆ, ಎಳೆದು ಕೂರಿಸುತ್ತದೆ. ಡ್ರೈವರ್ ಹೇಳಿದ ಲೆಕ್ಕ ನಿಜಕ್ಕಿಂತ 78 ಕಡಿಮೆ ಇದೆ, ಅಷ್ಟೇ. ಸಾಮಾನ್ಯವಾಗಿ ಕನ್ವರ್ಟರ್ ಫಿಲ್ಟರ್‌ನ ತಡ ಅಥವಾ ಯುಎಸ್‌ಬಿಯ ಆ ಮುನ್ನೆಚ್ಚರಿಕೆ ಬಫರ್ ಲೆಕ್ಕದಿಂದ ತಪ್ಪಿಹೋಗಿರುತ್ತದೆ. ಬೆಲೆಬಾಳುವ ಇಂಟರ್‌ಫೇಸ್‌ಗಳಲ್ಲೂ ಇದು ಇದ್ದದ್ದೇ. ಒಳ್ಳೆಯ ಸುದ್ದಿ ಎಂದರೆ ನಿಮ್ಮದು ಪ್ರತಿಸಲವೂ 78. ಸ್ಥಿರವಾದ ತಪ್ಪನ್ನು ಒಂದು ಸಂಖ್ಯೆ ಬರೆದು ಸರಿಮಾಡಬಹುದು.

78 ಸ್ಯಾಂಪಲ್ ಎಂದರೆ 1.6 ಮಿಲಿಸೆಕೆಂಡ್. ತಾಳಕ್ಕೆ ಇದು ಏನೇನೂ ಅಲ್ಲ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ 56 ಸೆಂಟಿಮೀಟರ್ ಮಾತ್ರ ಹೋಗುತ್ತದೆ. ಲಯ ತಪ್ಪಿದೆ ಎಂದು ಯಾವ ಕಿವಿಯೂ ಹೇಳಲಾರದು. ಕೆಡುವುದು ನಾದ. ಒಂದೇ ಧ್ವನಿಯ ಎರಡು ಪ್ರತಿಗಳು ಸ್ವಲ್ಪ ಹಿಂದುಮುಂದಾಗಿ ಕೂಡಿದಾಗ ಕೆಲವು ಕಂಪನಗಳಲ್ಲಿ ಒಂದರ ಏರು ಇನ್ನೊಂದರ ಇಳಿವಿಗೆ ಬಿದ್ದು ಹೊಡೆದುಹೋಗುತ್ತದೆ. ಮೊದಲ ತಗ್ಗು ಎಲ್ಲಿ ಬೀಳುತ್ತದೆಂದು ತಿಳಿಯಲು 1ನ್ನು ತಡದ ಎರಡರಷ್ಟರಿಂದ ಭಾಗಿಸಿ: 78 ಸ್ಯಾಂಪಲ್‌ಗೆ 308 ಹರ್ಟ್ಸ್. ಆಮೇಲೆ ಅದರ ಮೂರು ಪಟ್ಟು 923, ಐದು ಪಟ್ಟು 1538, ಹೀಗೆ ಬೆಸ ಪಟ್ಟುಗಳಲ್ಲಿ ಮೇಲಕ್ಕೆ. ನಿಮ್ಮ ದಾಯಾಂ ಕಪ್ಪು ಎರಡಕ್ಕೆ, ಅಂದರೆ ಡಿ ಶಾರ್ಪ್‌ಗೆ, ಸೇರಿಸಿದ್ದಾಗಿದ್ದರೆ ಅದರ ಷಡ್ಜ ಸುಮಾರು 311 ಹರ್ಟ್ಸ್. ತಗ್ಗು ಸರಿಯಾಗಿ ಷಡ್ಜದ ಮೇಲೆಯೇ ಬಿದ್ದಿದೆ! ಗುಂಗು ಹೋಗದೆ ಇನ್ನೇನು? ಡಗ್ಗಾದ ತೂಕ ಇರುವುದು 100 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಇಷ್ಟು ಸಣ್ಣ ತಡದಿಂದ ಎರಡು ಪ್ರತಿಗಳು ಹೆಚ್ಚೂಕಡಿಮೆ ಒಟ್ಟಿಗೇ ಏರಿಳಿಯುತ್ತವೆ, ಹಾಗಾಗಿ ಅದು ಬಚಾವು. ಕಂಪ್ರೆಸ್ ಮಾಡಿದ ಪ್ರತಿಯನ್ನು ಮೂಲಕ್ಕಿಂತ 6 ಡೆಸಿಬೆಲ್ ಕೆಳಗಿಟ್ಟು ಬೆರೆಸಿದರೂ ತಗ್ಗುಗಳಲ್ಲಿ 6 ಡೆಸಿಬೆಲ್ ಇಳಿಕೆ, ನಡುವಿನ ಉಬ್ಬುಗಳಲ್ಲಿ 3.5 ಡೆಸಿಬೆಲ್ ಏರಿಕೆ ಇದ್ದೇ ಇರುತ್ತದೆ. ಈಕ್ವಲೈಸರ್ (ಈಕ್ಯೂ) ಹಿಡಿದು ಇದನ್ನು ರಿಪೇರಿ ಮಾಡಲು ಹೋಗಬೇಡಿ, ಮುಗಿಯುವುದಿಲ್ಲ.

ಈಗ 96 ಕಿಲೋಹರ್ಟ್ಸ್ ಸಲಹೆ. ಕನ್ವರ್ಟರ್‌ನ ತಡ ಸ್ಯಾಂಪಲ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಉಳಿದರೆ ಕಾಲದ ಲೆಕ್ಕದಲ್ಲಿ ಅರ್ಧವಾಗುತ್ತದೆ, ನಿಜ. ಆದರೆ ಆಗ ಮೊದಲ ತಗ್ಗು 308ರಿಂದ 615ಕ್ಕೆ ಜಿಗಿಯುತ್ತದೆ, ಇಲ್ಲವಾಗುವುದಿಲ್ಲ. ಪ್ರೊಸೆಸರ್ ಮೇಲಿನ ಹೊರೆ ಮಾತ್ರ ದುಪ್ಪಟ್ಟು. ಬಫರ್ ಇಳಿಸುವುದರಿಂದಲೂ ಈ 78 ಕರಗದು, ಏಕೆಂದರೆ ಬಫರ್‌ನ ಪಾಲನ್ನು ರೀಪರ್ ಆಗಲೇ ಕಳೆದಿದೆ. ವರ್ಡ್ ಕ್ಲಾಕ್ ಕೆಲಸವೇ ಬೇರೆ: ಎರಡು ಡಿಜಿಟಲ್ ಯಂತ್ರಗಳು ಡಿಜಿಟಲ್ ತಂತಿಯಲ್ಲೇ ಮಾತಾಡುವಾಗ ಇಬ್ಬರ ನಡೆ ಒಂದಾಗಿರಲಿ ಎಂಬುದಕ್ಕೆ ಅದು. ಅನಲಾಗ್ ಕಂಪ್ರೆಸರ್‌ಗೆ ಕ್ಲಾಕೇ ಇಲ್ಲ.

ಸರಿಮಾಡುವ ಮೊದಲು ಅಳೆಯಬೇಕು, ತಬಲಾದಿಂದಲ್ಲ, ಕ್ಲಿಕ್‌ನಿಂದ. ತಬಲಾದ ಹೊಡೆತ ಕಂಪ್ರೆಸರ್ ದಾಟುವಾಗ ಆಕಾರ ಬದಲಿಸಿಕೊಂಡಿರುತ್ತದೆ. ಯಾವ ತುದಿಯಿಂದ ಯಾವ ತುದಿಗೆ ಅಳೆದಿರಿ ಎಂಬುದರ ಮೇಲೆ ಐದಾರು ಸ್ಯಾಂಪಲ್ ಆಚೀಚೆ ಆಗಬಹುದು. ಕಂಪ್ರೆಸರ್ ತೆಗೆದು ಔಟ್‌ಪುಟ್ 3ರಿಂದ ಇನ್‌ಪುಟ್ 3ಕ್ಕೆ ಒಂದೇ ಟಿಆರ್‌ಎಸ್ ಕೇಬಲ್ ನೇರವಾಗಿ ಹಾಕಿ. ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ. ಇನ್‌ಪುಟ್ ಲೈನ್ ಮಟ್ಟಕ್ಕಿರಲಿ, 48 ವೋಲ್ಟ್ ಫ್ಯಾಂಟಮ್ ಆಫ್ ಇರಲಿ. ಇಂಟರ್‌ಫೇಸ್‌ನ ಸಾಫ್ಟ್‌ವೇರ್‌ನಲ್ಲಿರುವ ‘ಲೂಪ್‌ಬ್ಯಾಕ್’ ಸೌಲಭ್ಯ ಇದಕ್ಕೆ ಉಪಯೋಗವಿಲ್ಲ. ಅದು ಕನ್ವರ್ಟರ್‌ಗಳನ್ನು ಮುಟ್ಟದೆ ಒಳಗೊಳಗೇ ತಿರುಗಿ ಬರುತ್ತದೆ.

ರೀಪರ್‌ನಲ್ಲಿ ಒಂದು ಟ್ರ್ಯಾಕಿನಲ್ಲಿ ಚೂಪಾದ ಕ್ಲಿಕ್‌ಗಳನ್ನು ಹಾಕಿ, ಮಟ್ಟ −12 ಡೆಸಿಬೆಲ್ ಸುತ್ತ ಸಾಕು. ಆ ಟ್ರ್ಯಾಕಿನ ಮಾಸ್ಟರ್ ಸೆಂಡ್ ತೆಗೆದು ಹಾರ್ಡ್‌ವೇರ್ ಔಟ್‌ಪುಟ್ 3ಕ್ಕೆ ಮಾತ್ರ ಕಳಿಸಿ. ಇನ್ನೊಂದು ಟ್ರ್ಯಾಕನ್ನು ಇನ್‌ಪುಟ್ 3ಕ್ಕೆ ಆರ್ಮ್ ಮಾಡಿ, ರೆಕಾರ್ಡ್ ಮಾನಿಟರಿಂಗ್ ಕಡ್ಡಾಯವಾಗಿ ಆಫ್ ಇರಲಿ. ಅದು ಆನ್ ಇದ್ದು, ಟ್ರ್ಯಾಕ್ ಮತ್ತೆ ಔಟ್‌ಪುಟ್ 3ಕ್ಕೇ ಹೋಗುತ್ತಿದ್ದರೆ ಸುತ್ತಿ ಸುತ್ತಿ ಫೀಡ್‌ಬ್ಯಾಕ್ ಕಿರುಚುತ್ತದೆ. ಆ ಒಂದು ಕ್ಷಣಕ್ಕೆ ಟ್ವೀಟರ್ ಸುಟ್ಟರೂ ಸುಟ್ಟೀತು. ಎಲ್ಲ ಟ್ರ್ಯಾಕಿನ, ಮಾಸ್ಟರ್‌ನ ಪ್ಲಗಿನ್‌ಗಳನ್ನು ಆಫ್ ಮಾಡಿ. ಲೀನಿಯರ್ ಫೇಸ್ ಈಕ್ಯೂ, ಲಿಮಿಟರ್‌ಗಳು ತಮ್ಮದೇ ತಡ ಸೇರಿಸುತ್ತವೆ, ಅಳತೆಯಲ್ಲಿ ಅವು ಬೇಡ. ರೆಕಾರ್ಡ್ ಮಾಡಿ, ರೂಲರ್‌ನ ಏಕಮಾನವನ್ನು ಸ್ಯಾಂಪಲ್ಸ್‌ಗೆ ಬದಲಿಸಿ, ಎರಡೂ ಕ್ಲಿಕ್‌ಗಳ ತುದಿಯಿಂದ ತುದಿಗೆ ಎಣಿಸಿ. ಕೆಲವು ಸಲ ಮಾಡಿ. ರೀಪರ್ ಮುಚ್ಚಿ, ಇಂಟರ್‌ಫೇಸ್‌ನ ಯುಎಸ್‌ಬಿ ಕಳಚಿ ಹಾಕಿ, ಮತ್ತೆ ಮಾಡಿ. ಬಫರ್ 64, 256, 512ರಲ್ಲಿ ಒಂದೊಂದು ಸಲ ಮಾಡಿ. ಕೊನೆಗೆ ಕಂಪ್ರೆಸರ್ ಸೇರಿಸಿ, ಕಂಪ್ರೆಶನ್ ಆಗದಂತೆ ಥ್ರೆಶೋಲ್ಡ್ ಪೂರ್ತಿ ಮೇಲಿಟ್ಟು, ಇನ್ನೊಂದು ಸಲ.

ಬಂದ ಸಂಖ್ಯೆಗಳೇ ರೋಗ ಹೇಳುತ್ತವೆ. ಎಲ್ಲ ಬಫರ್‌ಗಳಲ್ಲೂ 78 ಬಂದರೆ ನಾನು ಹೇಳಿದ್ದೇ ಸರಿ: ಲೆಕ್ಕಕ್ಕೆ ಸಿಗದ ಸ್ಥಿರ ತಡ. ಬಫರ್ ಬೆಳೆದಂತೆ ತಡವೂ ಅದರ ಎರಡರಷ್ಟು ಬೆಳೆಯುತ್ತಿದ್ದರೆ ಸರಿದೂಗಿಸುವ ಕೆಲಸವೇ ನಡೆಯುತ್ತಿಲ್ಲ. ಪ್ರಿಫರೆನ್ಸಸ್‌ನ ಆಡಿಯೋ, ರೆಕಾರ್ಡಿಂಗ್ ಪುಟದಲ್ಲಿ ಡ್ರೈವರ್ ಹೇಳಿದ ಲೇಟೆನ್ಸಿ ಬಳಸು ಎಂಬ ಗುರುತು ತಪ್ಪಿರಬಹುದು. ಹೊಸ ಕ್ಲಿಕ್ ಮೂಲಕ್ಕಿಂತ ಮುಂದೆ ಬಂದರೆ ಎರಡು ಕಡೆ ಸರಿದೂಗಿಸಿದ್ದೀರಿ. ಯುಎಸ್‌ಬಿ ಕಳಚಿ ಹಾಕಿದಾಗಲೆಲ್ಲ ಸಂಖ್ಯೆ ಬದಲಾದರೆ ಡ್ರೈವರ್ ಪ್ರತಿಸಲ ಬೇರೆ ಕಡೆಯಿಂದ ಎಣಿಕೆ ಶುರುಮಾಡುತ್ತಿದೆ. ಇಂಟರ್‌ಫೇಸ್ ತಯಾರಕರದೇ ಆಸಿಯೋ (ಕಡಿಮೆ ತಡದ ಆಡಿಯೋ) ಡ್ರೈವರ್ ಇದೆಯೋ, ಎಲ್ಲಕ್ಕೂ ಸಲ್ಲುವ ಹೊದಿಕೆ ಡ್ರೈವರ್ ಕೂತಿದೆಯೋ ನೋಡಿ. ಹೊದಿಕೆ ಡ್ರೈವರ್‌ಗಳ ಲೆಕ್ಕವನ್ನು ನಾನು ನಂಬುವುದಿಲ್ಲ. ಕಂಪ್ರೆಸರ್ ಸೇರಿಸಿದಾಗ ಒಂದು ಸ್ಯಾಂಪಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಪೂರ್ತಿ ಅನಲಾಗ್ ಅಲ್ಲ.

ಇದೇ ಹೊತ್ತಿಗೆ ಇನ್ನೊಂದನ್ನೂ ಗಮನಿಸಿ. ಮೂಲ ಕ್ಲಿಕ್ ಮೇಲಕ್ಕೆ ಎದ್ದಿದ್ದು ತಿರುಗಿ ಬಂದದ್ದು ಕೆಳಕ್ಕೆ ಎದ್ದಿದ್ದರೆ ಪೊಲಾರಿಟಿ ಉಲ್ಟಾ ಆಗಿದೆ. ಕೆಲವು ಹಳೆಯ ಯಂತ್ರಗಳು, ತಪ್ಪು ಬೆಸುಗೆಯ ಕೇಬಲ್‌ಗಳು ಹೀಗೆ ಮಾಡುತ್ತವೆ. ಆಗ ತಡವನ್ನು ಸೊನ್ನೆಗೆ ತಂದರೂ ಡಗ್ಗಾ ಸೇರಿ ಎಲ್ಲವೂ ಪೊಳ್ಳಾಗುತ್ತದೆ. ನಿಮ್ಮ ಡಗ್ಗಾ ಚೆನ್ನಾಗಿಯೇ ಇದೆ ಅಂದಿದ್ದೀರಿ, ಹಾಗಾಗಿ ಇದು ಇರಲಾರದು, ಆದರೂ ಸೆಕೆಂಡ್‌ಹ್ಯಾಂಡ್ ಸಾಮಾನು ನೋಡಿ.

ಸರಿಪಡಿಸುವ ದಾರಿಗಳಲ್ಲಿ ಅಗ್ಗದ್ದು ಅದೇ ರೆಕಾರ್ಡಿಂಗ್ ಪುಟದಲ್ಲಿದೆ. ಇನ್‌ಪುಟ್ ಮ್ಯಾನ್ಯುಯಲ್ ಆಫ್‌ಸೆಟ್ ಎಂಬ ಜಾಗದ ಸ್ಯಾಂಪಲ್ಸ್ ಚೌಕದಲ್ಲಿ 78 ಬರೆದು ಕ್ಲಿಕ್ ಪರೀಕ್ಷೆಯನ್ನು ಮತ್ತೆ ಮಾಡಿ. ಸೊನ್ನೆ ಬಂದರೆ ಮುಗಿಯಿತು. 156 ಬಂದರೆ ಮೈನಸ್ ಚಿಹ್ನೆ ಹಾಕಿ. ಇನ್ನು ಮುಂದೆ ಕಂಪ್ರೆಸರ್ ಸುತ್ತಿ ಬಂದದ್ದಷ್ಟೇ ಅಲ್ಲ, ನೀವು ಓವರ್‌ಡಬ್ ಮಾಡುವ ಹಾರ್ಮೋನಿಯಂ, ಕೊಳಲು ಎಲ್ಲವೂ ಸರಿಯಾದ ಜಾಗಕ್ಕೆ ಬೀಳುತ್ತವೆ. ಅವೂ ಇಷ್ಟು ದಿನ 78 ಹಿಂದೆಯೇ ಬೀಳುತ್ತಿದ್ದವು, ಬೆರೆಸಲು ಇನ್ನೊಂದು ಪ್ರತಿ ಇಲ್ಲದ್ದರಿಂದ ಗೊತ್ತಾಗಲಿಲ್ಲ. ಅಪಾಯ ಒಂದೇ: ಡ್ರೈವರ್ ಅಪ್‌ಡೇಟ್ ಆದಾಗ ಅಥವಾ ಸ್ಯಾಂಪಲ್ ರೇಟ್ ಬದಲಿಸಿದಾಗ ಈ ಸಂಖ್ಯೆ ಹಳತಾಗುತ್ತದೆ. ಹೊಸ ಡ್ರೈವರ್ ತನ್ನ ಲೆಕ್ಕ ತಿದ್ದಿಕೊಂಡಿದ್ದರೆ ನಿಮ್ಮ 78 ಈಗ ತಪ್ಪಾಗಿ, ಟ್ರ್ಯಾಕ್ ಮುಂದೆ ಓಡುತ್ತದೆ. ಅಪ್‌ಡೇಟ್ ಆದ ದಿನ ಕ್ಲಿಕ್ ಪರೀಕ್ಷೆ ಮಾಡಿಯೇ ಕೆಲಸಕ್ಕೆ ಕೂರಿ.

ಎರಡನೆಯದು ರೀಇನ್ಸರ್ಟ್ ಪ್ಲಗಿನ್. ತಬಲಾದ ಒಂದು ಪ್ರತಿ ಟ್ರ್ಯಾಕಿನ ಮೇಲೆ ಅದನ್ನು ಹಾಕಿ, ಔಟ್ 3, ಇನ್ 3 ಆರಿಸಿದರೆ ಕಂಪ್ರೆಸರ್ ಪ್ಲಗಿನ್‌ನಂತೆಯೇ ವರ್ತಿಸುತ್ತದೆ. ಗುಂಡಿ ತಿರುಗಿಸುತ್ತ ಮಿಕ್ಸ್ ಕೇಳಬಹುದು. ಅದರಲ್ಲಿ ಪಿಂಗ್ ಗುಂಡಿ ಇದೆ. ಒಂದು ತುಣುಕು ಶಬ್ದ ಕಳಿಸಿ, ತಿರುಗಿ ಬರಲು ಹಿಡಿದ ಕಾಲ ಅಳೆದು ತಾನೇ ತುಂಬಿಕೊಳ್ಳುತ್ತದೆ. ಪಿಂಗ್ ಎಡವುವುದು ಎಲ್ಲಿ ಗೊತ್ತೇ? ಯಂತ್ರದಲ್ಲಿ ಸಣ್ಣ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಇದ್ದರೆ ತುಣುಕು ಅಲ್ಲೇ ಸತ್ತುಹೋಗುತ್ತದೆ. ರಿವರ್ಬ್ ಇದ್ದರೆ ತುಣುಕು ಹರಡಿ, ಅಳತೆ ಹತ್ತಾರು ಮಿಲಿಸೆಕೆಂಡ್ ತಪ್ಪುತ್ತದೆ. ಹಾಗೆಂದು ಡಿಜಿಟಲ್ ಯಂತ್ರವನ್ನು ಬೈಪಾಸ್‌ಗೆ ಹಾಕಿ ಅಳೆದರೆ, ಆ ಬೈಪಾಸ್ ರಿಲೇಯಿಂದ ತಂತಿಗೆ ತಂತಿ ಜೋಡಿಸುವಂಥದ್ದಾಗಿದ್ದರೆ, ಒಳಗಿನ ಕನ್ವರ್ಟರ್‌ಗಳ ತಡ ಅಳತೆಗೇ ಬರುವುದಿಲ್ಲ. ಅನಲಾಗ್ ಆದರೆ ಬೈಪಾಸ್‌ನಲ್ಲಿ ಪಿಂಗ್ ಮಾಡಿ. ಡಿಜಿಟಲ್ ಆದರೆ ಯಂತ್ರ ಚಾಲನೆಯಲ್ಲೇ ಇದ್ದು ಎಫೆಕ್ಟ್ ಸೊನ್ನೆ, ಡ್ರೈ (ಎಫೆಕ್ಟ್ ಸೇರದ ಮೂಲ ಧ್ವನಿ) ಪೂರ್ತಿ ಇಟ್ಟು ಮಾಡಿ. ಸ್ಪೀಕರ್ ಆಗಲೂ ಬಂದ್. ಪ್ರತಿ ಬೈಠಕ್ಕಿಗೆ, ಬಫರ್ ಬದಲಿಸಿದಾಗ, ಮತ್ತೊಮ್ಮೆ ಪಿಂಗ್. ಮಿಕ್ಸ್ ಹೊರತೆಗೆಯುವಾಗ ಆನ್‌ಲೈನ್ ರೆಂಡರ್ ಆರಿಸಬೇಕು, ಏಕೆಂದರೆ ನಿಜವಾದ ಯಂತ್ರ ಹಾಡಿನ ವೇಗಕ್ಕಿಂತ ಬೇಗ ಕೆಲಸ ಮಾಡಲಾರದು. ಆಫ್‌ಲೈನ್ ಇಟ್ಟರೆ ಆ ಟ್ರ್ಯಾಕ್ ಖಾಲಿ ಬರಬಹುದು.

ನೀವು ಮಾಡುತ್ತಿರುವ ಬೆರಕೆ ಕೆಲಸಕ್ಕೆ ನಾನು ಹೆಚ್ಚು ನೆಚ್ಚುವುದು ಮೂರನೆಯ ದಾರಿಯನ್ನು. ಅದಕ್ಕೆ ಅಳತೆಯೇ ಬೇಡ. ತಬಲಾವನ್ನು ಔಟ್ 3ರಿಂದ ಕಂಪ್ರೆಸರ್‌ಗೆ ಕಳಿಸುವಾಗಲೇ ಔಟ್ 4ರಿಂದ ಬರೀ ಕೇಬಲ್‌ನಲ್ಲಿ ಇನ್ 4ಕ್ಕೂ ಕಳಿಸಿ, ಎರಡನ್ನೂ ಒಟ್ಟಿಗೆ ಎರಡು ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಆಮೇಲೆ ಮೂಲ ಟ್ರ್ಯಾಕ್ ಮ್ಯೂಟ್ ಮಾಡಿ, ಈ ಎರಡನ್ನು ಮಾತ್ರ ಬೆರೆಸಿ. ಎರಡೂ ಒಂದೇ ಬಫರ್, ಒಂದೇ ಕನ್ವರ್ಟರ್ ದಾಟಿ ಬಂದವು. ತಡ ಎಷ್ಟೇ ಇರಲಿ, ಇಬ್ಬರಿಗೂ ಅಷ್ಟೇ. ಡ್ರೈವರ್ ಏನೇ ಸುಳ್ಳು ಹೇಳಿದರೂ ನಾದ ಕೆಡುವುದಿಲ್ಲ. ತೆರಬೇಕಾದ ಬೆಲೆ ಒಂದು ಜೊತೆ ಇನ್‌ಪುಟ್ ಔಟ್‌ಪುಟ್ ಮತ್ತು ಮೂಲಕ್ಕೆ ಇನ್ನೊಂದು ಸುತ್ತು ಕನ್ವರ್ಶನ್. ಸಾಧಾರಣ ಇಂಟರ್‌ಫೇಸ್‌ನಲ್ಲೂ ಒಂದು ಸುತ್ತಿನಿಂದ ತಬಲಾಕ್ಕೆ ಕೇಳುವಂಥ ನಷ್ಟವಾಗದು. ಕಂಪ್ರೆಸರ್ ಮೇಲೆಯೇ ಮಿಕ್ಸ್ ಎಂಬ ಗುಂಡಿ ಇದ್ದರೆ ಇದೂ ಬೇಡ: ಬೆರಕೆಯನ್ನು ಅಲ್ಲೇ ಮಾಡಿ, ಒಂದೇ ಟ್ರ್ಯಾಕಾಗಿ ತನ್ನಿ. ಆಮೇಲೆ ಪ್ರಮಾಣ ಬದಲಿಸಲಾಗದು ಎಂಬುದೊಂದೇ ಕೊರತೆ.

ಯಾವ ದಾರಿ ಹಿಡಿದರೂ ಕೊನೆಗೆ ಒಂದು ಪರೀಕ್ಷೆ ಮಾಡಿ. ಕಂಪ್ರೆಸರ್ ಬೈಪಾಸ್‌ನಲ್ಲಿ ತಬಲಾ ಸುತ್ತಿಸಿ ತಂದು, ಮೂಲದ ಮಟ್ಟಕ್ಕೆ ಸರಿಯಾಗಿ ಹೊಂದಿಸಿ, ಒಂದರ ಪೊಲಾರಿಟಿ ತಿರುಗಿಸಿ ಎರಡನ್ನೂ ಕೂಡಿಸಿ. ಸರಿಯಾಗಿ ಕೂತಿದ್ದರೆ ಧ್ವನಿ ಹೆಚ್ಚುಕಡಿಮೆ ಮಾಯವಾಗಿ ಮೇಲಿನ ಕಂಪನಗಳ ಒಂದಿಷ್ಟು ಸರಬರ ಮಾತ್ರ ಉಳಿಯಬೇಕು. ಆ ಸರಬರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ತಡ 78.5 ಆಗಿರಬಹುದು, ಸ್ಯಾಂಪಲ್‌ನ ಅರ್ಧವನ್ನು ನೀವು ಬರೆಯಲಾರಿರಿ. ಅರ್ಧ ಸ್ಯಾಂಪಲ್ ತಪ್ಪಿದರೆ ಬೆರಕೆಯಲ್ಲಿ 10 ಕಿಲೋಹರ್ಟ್ಸ್ ಹತ್ತಿರ ಅರ್ಧ ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ಕಂಪ್ರೆಸರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ತಗ್ಗಿನ ಕಂಪನಗಳಲ್ಲಿ ಫೇಸ್ ಸ್ವಲ್ಪ ತಿರುಗಿ ಅಲ್ಲೂ ಏನೋ ಉಳಿಯುತ್ತದೆ. ಅದು ತಡವಲ್ಲ, ಆ ಯಂತ್ರದ ಗುಣ.

ತಬಲಾ ಎರಡು ಮೈಕ್‌ನಲ್ಲಿ ಹಿಡಿದದ್ದಾದರೆ ಇನ್ನೊಂದು ಮಾತು. ದಾಯಾಂ ಶಬ್ದ ಡಗ್ಗಾದ ಮೈಕ್‌ಗೆ 35 ಸೆಂಟಿಮೀಟರ್ ಹೆಚ್ಚು ದೂರ ಹೋಗಿ ಸೇರಿದರೆ ಅಲ್ಲೇ 1 ಮಿಲಿಸೆಕೆಂಡ್ ತಡ. ಕಂಪ್ರೆಸರ್ ಇಲ್ಲದೆಯೂ ಟೊಳ್ಳು ಕೇಳುತ್ತಿದ್ದರೆ ಮೈಕ್ ಜಾಗ ನೋಡಿ, ಆಫ್‌ಸೆಟ್ ಸಂಖ್ಯೆಯನ್ನು ಕೆಣಕಬೇಡಿ.

ಗಾಯಕಿಯ ದೂರು ಪೂರ್ತಿ ಬೇರೆ. ಅವರ ದನಿ ಕಂಪ್ಯೂಟರ್ ಒಳಹೊಕ್ಕು ಹೊರಬಂದು ಕಿವಿಗೆ ಸೇರುವಾಗ ಆ 13–14 ಮಿಲಿಸೆಕೆಂಡ್ ನಿಜಕ್ಕೂ ಕಳೆದಿರುತ್ತದೆ. ಅದನ್ನು ಯಾವ ಸಂಖ್ಯೆ ಬರೆದೂ ಹಿಂದಕ್ಕೆಳೆಯಲಾಗದು. ಹಾಡುವವರಿಗೆ ತಮ್ಮ ದನಿ ಮೂಳೆಯ ಮೂಲಕ ಕೂಡಲೇ ಕೇಳುತ್ತದೆ, ಹೆಡ್‌ಫೋನ್‌ನದು ಹಿಂದಿನಿಂದ ಬಂದು ಅದರ ಜೊತೆ ಕಾದಾಡುತ್ತದೆ. ಅವರ ಟ್ರ್ಯಾಕಿನ ಮೇಲೆ ರೀಇನ್ಸರ್ಟ್ ಹಾಕಿ ಕೇಳಿಸಿದ್ದರಂತೂ ಸುತ್ತು ಎರಡಾಗಿ ತಡವೂ ದುಪ್ಪಟ್ಟು. ಗುಂಗು ಬೇಕೆಂದು ಆಲಾಪ ಎಳೆಯುವವರು ಸಹಿಸಿಕೊಂಡಾರು, ವೇಗದ ತಾನಕ್ಕೆ ಆಗದು.

ಪರಿಹಾರ ಜೋಡಣೆಯಲ್ಲಿದೆ. ಕಂಪ್ರೆಸರನ್ನು ಮೈಕ್ ಪ್ರೀಆಂಪ್ ಮತ್ತು ಲೈನ್ ಇನ್‌ಪುಟ್ ನಡುವೆ ತನ್ನಿ. ನಿಮ್ಮ ಇಂಟರ್‌ಫೇಸ್‌ನ ಹಿಂಬದಿ ಪ್ರೀಆಂಪ್‌ಗೆ ಇನ್ಸರ್ಟ್ ಜ್ಯಾಕ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಬೇರೆ ಪ್ರೀಆಂಪ್ ಬೇಕು. ಆಮೇಲೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರಿಂಗ್ (ದನಿ ಕಂಪ್ಯೂಟರ್ ಸುತ್ತದೆ ನೇರ ಹೆಡ್‌ಫೋನ್‌ಗೆ ಹೋಗುವುದು) ಆನ್ ಮಾಡಿ, ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದೇ ದನಿ ಎರಡು ಸಲ ಕೇಳುತ್ತದೆ. ಹೀಗೆ ಮಾಡುವಾಗ ಕಂಪ್ರೆಶನ್ ಟ್ರ್ಯಾಕಿನಲ್ಲೇ ಅಚ್ಚಾಗುತ್ತದೆ, ಬಿಡಿಸಲಾಗದು. ಅನುಪಾತ 2:1 ಅಥವಾ 3:1, ಮೀಟರ್‌ನಲ್ಲಿ ಜೋರಿನ ಜಾಗದಲ್ಲಿ 3–4 ಡೆಸಿಬೆಲ್ ಇಳಿದರೆ ಸಾಕು. ಜೋಡಣೆ ಬದಲಿಸುವ ಪಾಡು ಬೇಡವೆಂದರೆ ಕಂಪ್ರೆಸರ್ ಇಲ್ಲದೆಯೇ ಹಾಡಿಸಿ, ಡೈರೆಕ್ಟ್ ಮಾನಿಟರಿಂಗ್ ಕೊಡಿ, ರಿವರ್ಬ್ ಮಾತ್ರ ಕಂಪ್ಯೂಟರ್‌ನಿಂದ ಬೆರೆಸಿ. ರಿವರ್ಬ್ ಹತ್ತು ಮಿಲಿಸೆಕೆಂಡ್ ತಡವಾಗಿ ಬಂದರೆ ಯಾರಿಗೂ ತೊಂದರೆಯಿಲ್ಲ.

ಬೆಳೆಯುವ ತಡಕ್ಕೆ ಹೊರಗಿನ ಎಫೆಕ್ಟ್ ಯಂತ್ರ ಕಾರಣವೇ ಅಲ್ಲ. ಕೈ ರೆಕಾರ್ಡರ್‌ನೊಳಗಿನ ಕ್ರಿಸ್ಟಲ್ ಮತ್ತು ಇಂಟರ್‌ಫೇಸ್‌ನೊಳಗಿನ ಕ್ರಿಸ್ಟಲ್ ಎರಡೂ 48,000 ಎಂದೇ ಎಣಿಸುತ್ತವೆ, ಆದರೆ ಒಬ್ಬರ ಸೆಕೆಂಡ್ ಇನ್ನೊಬ್ಬರದಕ್ಕಿಂತ ಕೂದಲೆಳೆ ಉದ್ದ. 300 ಸೆಕೆಂಡಿಗೆ 9 ಮಿಲಿಸೆಕೆಂಡ್ ಅಂದರೆ ಹತ್ತು ಲಕ್ಷಕ್ಕೆ 30ರ ವ್ಯತ್ಯಾಸ. ಕ್ರಿಸ್ಟಲ್‌ಗಳಲ್ಲಿ ಇದು ಸಹಜ. ಜಾರಿಸುವುದರಿಂದ ಇದು ಹೋಗದು, ಒಂದು ತುದಿ ಸರಿಹೋದರೆ ಇನ್ನೊಂದು ತಪ್ಪುತ್ತದೆ. ಆರಂಭದ ಒಂದು ಹೊಡೆತ ಹೊಂದಿಸಿ, ಐಟಂನ ಪ್ಲೇ ರೇಟ್ 1.00003 ಮಾಡಿ, ಸ್ವರ ಉಳಿಸು ಎಂಬ ಗುರುತು ತೆಗೆಯಿರಿ. ಆ ಗುರುತು ಇದ್ದರೆ ರೀಪರ್ ಸ್ಟ್ರೆಚ್ ಮಾಡಲು ಹೋಗಿ ತಬಲಾದ ಮೊನಚು ಮಸುಕಾಗುತ್ತದೆ. ತೆಗೆದರೆ ಶ್ರುತಿ ಏರುವುದು ಒಂದು ಸೆಂಟ್‌ನ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್). ಅಂತರ ಸೆಕೆಂಡುಗಳಷ್ಟಿದ್ದು, ಶ್ರುತಿಯೂ ಒಂದೂವರೆ ಸ್ವರಸ್ಥಾನ ಆಚೀಚೆ ಆಗಿದ್ದರೆ ಅದು ಕ್ರಿಸ್ಟಲ್ ಅಲ್ಲ, 44.1ರ ಫೈಲನ್ನು ಯಾರೋ 48 ಎಂದು ಓದಿಸಿದ್ದಾರೆ.

ರಿವರ್ಬ್ ಜೋಡಿಸುವಾಗ ಮಾತ್ರ ಕ್ಲಾಕ್ ವಿಚಾರ ಬರುತ್ತದೆ, ಅದಕ್ಕೂ ಹೊಸ ಇಂಟರ್‌ಫೇಸ್ ಬೇಡ. ಎಸ್‌ಪಿಡಿಐಎಫ್ ತಂತಿಯಲ್ಲೇ ಕ್ಲಾಕ್ ಕೂಡ ಸಾಗುತ್ತದೆ. ಇಂಟರ್‌ಫೇಸ್ ಇಂಟರ್ನಲ್ ಕ್ಲಾಕ್‌ನಲ್ಲಿರಲಿ, ರಿವರ್ಬ್‌ನ ಕ್ಲಾಕ್ ಡಿಜಿಟಲ್ ಇನ್‌ಪುಟ್‌ಗೆ ಇರಲಿ. ಇಬ್ಬರೂ ಇಂಟರ್ನಲ್ ಆದರೆ ಆಗಾಗ ಟಿಕ್ ಟಿಕ್ ಎಂಬ ಸದ್ದು ಬೀಳುತ್ತದೆ. ಕೇಬಲ್ 75 ಓಮ್‌ನದೇ ಇರಲಿ, ಆಡಿಯೋ ಆರ್‌ಸಿಎ ತಂತಿ ಹಾಕಬೇಡಿ. ಹಳೆಯ ರಿವರ್ಬ್‌ಗಳು ಹಲವು 48 ಕಿಲೋಹರ್ಟ್ಸ್ ದಾಟುವುದಿಲ್ಲ, 96ಕ್ಕೆ ಹೋಗದಿರಲು ಇದೂ ಒಂದು ಕಾರಣ. ಅನಲಾಗ್ ಕೇಬಲ್‌ನಲ್ಲೇ ಜೋಡಿಸಿದರೆ ಅದರೊಳಗಿನ ಕ್ಲಾಕ್ ಯಾವ ಗತಿಯಲ್ಲಿದ್ದರೂ ನಿಮಗೆ ಸಂಬಂಧವಿಲ್ಲ. ಯಾವ ತಂತಿಯಾದರೂ ರಿವರ್ಬ್‌ನಿಂದ ಡ್ರೈ ಬರಕೂಡದು, ಮಿಕ್ಸ್ ನೂರಕ್ಕೆ ನೂರು ವೆಟ್ (ಎಫೆಕ್ಟ್‌ನ ಧ್ವನಿ ಮಾತ್ರ). ಇಲ್ಲದಿದ್ದರೆ ಅದೇ ತಗಡಿನ ಸದ್ದು ಗಾಯಕಿಯ ದನಿಗೂ ಬರುತ್ತದೆ. ವೆಟ್ ಮಾತ್ರ ಬಂದರೆ ತಡವನ್ನು ಪ್ರೀಡಿಲೇ (ಮೂಲ ದನಿಗೂ ರಿವರ್ಬ್ ಶುರುವಿಗೂ ನಡುವಿನ ಅಂತರ) ಲೆಕ್ಕಕ್ಕೆ ಸೇರಿಸಿಕೊಳ್ಳಿ: 20 ಮಿಲಿಸೆಕೆಂಡ್ ಬೇಕಿದ್ದು 13 ಹೇಗೂ ಆಗುತ್ತಿದ್ದರೆ ಯಂತ್ರದಲ್ಲಿ 7 ಇಡಿ. ರೀಇನ್ಸರ್ಟ್ ಅಥವಾ ಆಫ್‌ಸೆಟ್ ಆಗಲೇ ಸರಿದೂಗಿಸುತ್ತಿದ್ದರೆ ಪೂರ್ತಿ 20 ಇಡಬೇಕು.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ: ಲಾಜಿಕ್‌ನಲ್ಲಿ ಐ/ಓ ಪ್ಲಗಿನ್‌ನ ಪಿಂಗ್ ಮತ್ತು ಆಡಿಯೋ ಸೆಟ್ಟಿಂಗ್‌ನ ರೆಕಾರ್ಡಿಂಗ್ ಡಿಲೇ, ಕ್ಯೂಬೇಸ್‌ನಲ್ಲಿ ಆಡಿಯೋ ಕನೆಕ್ಷನ್ಸ್‌ನ ಎಕ್ಸ್‌ಟರ್ನಲ್ ಎಫ್‌ಎಕ್ಸ್, ಏಬಲ್ಟನ್ ಲೈವ್‌ನಲ್ಲಿ ಎಕ್ಸ್‌ಟರ್ನಲ್ ಆಡಿಯೋ ಎಫೆಕ್ಟ್ ಮತ್ತು ಡ್ರೈವರ್ ಎರರ್ ಕಾಂಪೆನ್ಸೇಶನ್, ಸ್ಟುಡಿಯೋ ಒನ್‌ನಲ್ಲಿ ಪೈಪ್‌ಲೈನ್, ಪ್ರೋ ಟೂಲ್ಸ್‌ನಲ್ಲಿ ಐ/ಓ ಸೆಟಪ್‌ನ ಹಾರ್ಡ್‌ವೇರ್ ಇನ್ಸರ್ಟ್ ಡಿಲೇ. ಪ್ರೋ ಟೂಲ್ಸ್‌ನ ಚೌಕಕ್ಕೆ ಮಿಲಿಸೆಕೆಂಡ್ ಬೇಕು; 78ನ್ನು 48ರಿಂದ ಭಾಗಿಸಿ 1.625 ಬರೆಯಿರಿ.

ನೀವು ಈಗಾಗಲೇ ಮಾಡಿಟ್ಟ ಟ್ರ್ಯಾಕ್‌ಗಳನ್ನು ಮತ್ತೆ ಸುತ್ತಿಸಬೇಕಿಲ್ಲ. ಸ್ನ್ಯಾಪ್ ಆಫ್ ಮಾಡಿ, ಕಂಪ್ರೆಸರ್‌ನಿಂದ ಬಂದ ಐಟಂಗಳನ್ನು ಮಾತ್ರ ಆಯ್ದು, ನಡ್ಜ್ ಕಿಟಕಿಯಲ್ಲಿ ಏಕಮಾನ ಸ್ಯಾಂಪಲ್ಸ್ ಇಟ್ಟು 78 ಎಡಕ್ಕೆ ಸರಿಸಿ. ಮೌಸ್‌ನಲ್ಲಿ ಎಳೆಯಬೇಡಿ. ಈ ಮೊದಲು ಕೈಯಿಂದ ಎಳೆದಿಟ್ಟವು ಯಾವುವೆಂದು ನೆನಪಿಲ್ಲದಿದ್ದರೆ ಅವನ್ನು ಲೆಕ್ಕದಿಂದ ಸರಿಸದೆ, ಒಂದೊಂದನ್ನೂ ಮೂಲದ ಹೊಡೆತಕ್ಕೆ ಹೊಂದಿಸಿ ನೋಡಿ. 44.1ರಲ್ಲಿ ಮಾಡಿದ ಹಳೆಯ ಪ್ರಾಜೆಕ್ಟ್ ಇದ್ದರೆ 78ನ್ನು ಕಣ್ಣುಮುಚ್ಚಿ ಅಲ್ಲಿಗೆ ಒಯ್ಯಬೇಡಿ, ಆ ರೇಟ್‌ನಲ್ಲಿ ಇನ್ನೊಮ್ಮೆ ಕ್ಲಿಕ್ ಸುತ್ತಿಸಿ ಎಣಿಸಿ.